ಕೆಲಸಕ್ಕೆ ಹೋಗ್ಯಾನೆ

ಓಬವ್ವಜ್ಜಿಯ ಮನೆಯಲ್ಲಿ ‘ಇಲ್ಲ’ ಎಂಬ ಮಾತಿಗೆ ಜಾಗವಿರಲಿಲ್ಲ. ಡಬ್ಬದಲ್ಲಿ ಅಕ್ಕಿ ಮುಗಿದರೆ ‘ಅಕ್ಕಿ ತುಂಬೈತೆ’ ಅನ್ನಬೇಕು. ಉಪ್ಪು ಮುಗಿದರೂ ತುಂಬೈತೆ, ಎಣ್ಣೆ ಮುಗಿದರೂ ತುಂಬೈತೆ. ಸೊಸೆ ಗಿಡ್ಡಮ್ಮ ಮದುವೆಯಾಗಿ ಬಂದ ಹೊಸದರಲ್ಲಿ ಈ ಗುಟ್ಟು ತಿಳಿಯದೆ, ತುಂಬಿದ್ದರೆ ಒಳ್ಳೆಯದೇ ಆಯಿತು ಎಂದು ಸುಮ್ಮನಿದ್ದುಬಿಟ್ಟಿದ್ದಳು. ಮನೆಮಂದಿಯೆಲ್ಲ ಎರಡು ದಿನ ಅನ್ನದ ಮುಖ ನೋಡದೆ ಬರೀ ಮುದ್ದೆ ಉಂಡಿದ್ದರು. ಆ ಕಥೆ ಹೇಳಿಕೊಂಡು ಮೊದಲೆಲ್ಲ ಈ ಮನೆ ನಗುತ್ತಿತ್ತು.

ಜಗಳೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರ ಶೀಟಿನ ಮನೆ. ನಿಲ್ದಾಣದ ಎದುರು ಅಜ್ಜಿಯ ಮಗ ತಿಪ್ಪೇಶಪ್ಪನ ಮಂಡಕ್ಕಿ ಮೆಣಸಿನಕಾಯಿ ಗಾಡಿ. ಮಧ್ಯಾಹ್ನ ಮೂರಕ್ಕೆ ಒಲೆ ಹಚ್ಚಿದರೆ ಕೊನೆಯ ಬಸ್ಸು ಹೋಗುವ ತನಕ ಗಂಡ ಹೆಂಡತಿಗೆ ಕೈ ಬಿಡುವಿಲ್ಲ. ಮಗಳು ಸುಚಿತ್ರಾ ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಮುಗಿಸಿದವಳು. ಓಣಿಯ ಫ್ಯಾನು, ಮಿಕ್ಸಿ, ಇಸ್ತ್ರಿಪೆಟ್ಟಿಗೆ ಕೆಟ್ಟರೆಲ್ಲ ಅವಳ ಮುಂದೆಯೇ ಬರುತ್ತಿದ್ದವು. ರಿಪೇರಿ ಮಾಡಿಸಿಕೊಂಡವರು ದುಡ್ಡಿನ ಬದಲು ‘ಬಲು ಜಾಣೆ’ ಎನ್ನುವ ಬಿರುದು ಕೊಟ್ಟು ಹೋಗುತ್ತಿದ್ದರು.

ಅವಳ ಅಣ್ಣ ನಿಂಗರಾಜ್ ಹೋದ ವರ್ಷದ ಆಷಾಢದಿಂದ ಮನೆಗೆ ಬಂದಿರಲಿಲ್ಲ. ಅವನ ಫೋನು ಮಾತ್ರ ನಡುಮನೆಯ ಗೂಡಿನಲ್ಲಿತ್ತು. ಗಿಡ್ಡಮ್ಮ ಅದಕ್ಕೆ ದಿನಾ ಚಾರ್ಜು ಹಾಕುವಳು, ತಪ್ಪದೆ ರೀಚಾರ್ಜು ಮಾಡಿಸುವಳು. ಮಧ್ಯಾಹ್ನದ ಮೇಲೆ ಅದು ಹೊಡೆದುಕೊಂಡರೆ ಮನೆಯಲ್ಲಿರುವ ಅಜ್ಜಿಯೇ ಎತ್ತಬೇಕು. ಯಾವುದೋ ತರಬೇತಿ ಕೇಂದ್ರದವರು, ಯಾವುದೋ ಕಂಪನಿಯವರು ‘ನಿಂಗರಾಜ್ ಇದಾರಾ?’ ಅನ್ನುವರು. ಮೊಮ್ಮಗನ ವಿಷಯದಲ್ಲಿ ಆ ಕೆಟ್ಟ ಮಾತನ್ನು ಬಾಯಿಂದ ಬಿಡುವ ಹೆಂಗಸೇ ಅವಳು?

‘ಕೆಲ್ಸಕ್ಕೆ ಹೋಗ್ಯಾನೆ’ ಎಂದು ಹೇಳಿ ಇಡುತ್ತಿದ್ದಳು.

ಶ್ರಾವಣ ಮುಗಿಯುವ ಹೊತ್ತಿಗೆ ಸುಚಿತ್ರಾಳಿಗೆ ಒಂದು ಕಾಗದ ಬಂತು. ಅವ್ವ ಗಾಡಿಗೆಂದು ಕಡಲೆಹಿಟ್ಟು ಕಲಸುತ್ತಿದ್ದಳು. ಸುಚಿತ್ರಾ ಕಾಗದವನ್ನು ಹಿಟ್ಟು ತಾಕದಷ್ಟು ದೂರ ಹಿಡಿದು ತೋರಿಸಿದಳು.

‘ಅವ್ವ, ಸಿಕ್ತು. ಒಂದು ವರ್ಷ ಅಪ್ರೆಂಟಿಸ್. ಸಂಬಳದಾಗೆ ಒಂದು ಪಾಲು ಸರ್ಕಾರದ್ದು, ಹಾಸ್ಟೆಲ್ಲೂ ಐತೆ. ಅಕ್ಟೋಬರ್ ಆರಕ್ಕೆ ಸೇರ್ಕೋಬೇಕು.’

‘ಯಾವೂರು?’

‘ಹರಿಹರ.’

‘ಹರಿಹರಕ್ಕೂ ಹೊನ್ನಾಳಿಗೂ ಒಂದೇ ಹೊಳೆ,’ ಅಂದಳು ಗಿಡ್ಡಮ್ಮ, ಕೈ ನಿಲ್ಲಿಸದೆ.

‘ಕಾರ್ಖಾನೆಗೂ ಹೊಳೆಗೂ ಏನವ್ವ ಸಂಬಂಧ?’

‘ಸರ್ಕಾರದ ಕಾಗದ ನಂಬ್ಕೊಂಡು ಒಬ್ಬ ಹೋದ. ಇನ್ನೊಬ್ಬಳ್ನ ಕಳ್ಸಾಕೆ ನಂಗೇನು ಹುಚ್ಚಾ? ಅವ್ನು ಬರ್ಲಿ. ಬಂದ ಮ್ಯಾಲೆ ನೀನು ಎಲ್ಲಿಗಾದ್ರೂ ಹೋಗು.’

‘ಅವ್ನು ಯಾವಾಗ ಬರ್ತಾನೆ?’

ಕೇಳಬಾರದ್ದನ್ನು ಕೇಳಿದ್ದಳು. ಗಿಡ್ಡಮ್ಮ ಹಿಟ್ಟಿನ ಕೈಯಲ್ಲೇ ಎದ್ದು ಬಚ್ಚಲಿಗೆ ಹೋದಳು. ಹಿಟ್ಟನ್ನು ಸುಚಿತ್ರಾಳೇ ಕಲಸಿ ಮುಗಿಸಬೇಕಾಯಿತು.

*

ನಿಂಗರಾಜ್ ಬಿ.ಕಾಂ. ಓದಿದವನು. ದಾವಣಗೆರೆ, ಚನ್ನಗಿರಿ, ಎಲ್ಲೆಲ್ಲಿ ಉದ್ಯೋಗ ಮೇಳ ನಡೆಯಿತೋ ಅಲ್ಲೆಲ್ಲ ಫೈಲು ಹಿಡಿದುಕೊಂಡು ಹೋಗಿದ್ದ. ಎಲ್ಲ ಕಡೆಯೂ ಊಟದ ಪೊಟ್ಟಣ, ನೀರಿನ ಬಾಟಲಿ ಕೊಟ್ಟು ‘ಕರೀತೀವಿ’ ಅಂದಿದ್ದರು. ಪದವಿ ಮುಗಿಸಿ ಕೆಲಸ ಸಿಗದವರಿಗೆ ಸರ್ಕಾರ ಕೊಡುವ ಭತ್ಯೆ ಅವನಿಗೆ ಬರುತ್ತಿತ್ತು. ಅದಕ್ಕೊಂದು ಕಟ್ಟಳೆ ಇತ್ತು. ಪ್ರತಿ ತಿಂಗಳೂ ಆನ್‌ಲೈನಿನಲ್ಲಿ ‘ಉದ್ಯೋಗದಲ್ಲಿದ್ದೀರಾ?’ ಎಂಬ ಪ್ರಶ್ನೆಗೆ ‘ಇಲ್ಲ’ ಎಂದು ಒತ್ತಿ, ಫೋನಿಗೆ ಬರುವ ಒಟಿಪಿ ತುಂಬಬೇಕು. ಒತ್ತದ ತಿಂಗಳು ಹಣವೂ ಬರುವುದಿಲ್ಲ.

ಆ ಆಷಾಢದ ಒಂದು ಬೆಳಿಗ್ಗೆ ಅವನು ರೊಟ್ಟಿ ತಿನ್ನುತ್ತ ಇದನ್ನು ಒತ್ತುತ್ತಿದ್ದಾಗ ತಿಪ್ಪೇಶಪ್ಪ ಕಂಡ. ‘ತಿಂಗ್ಳು ತಿಂಗ್ಳು ನಂಗೆ ಕೆಲ್ಸ ಇಲ್ಲ ಅಂತ ಬರ್ಕೊಟ್ಟು ಉಣ್ಣೋ ಗಂಡಸ್ನ ನಾನು ಎಲ್ಲೂ ನೋಡಿಲ್ಲಪ್ಪ,’ ಅಂದುಬಿಟ್ಟ. ಮೆಣಸಿನಕಾಯಿ ಕರಿಯುವವನ ನಾಲಿಗೆ, ಖಾರ ಜಾಸ್ತಿ. ಅಂದದ್ದನ್ನು ಅರ್ಧ ಗಂಟೆಯಲ್ಲಿ ಮರೆಯುವ ಮನುಷ್ಯ. ಕೇಳಿಸಿಕೊಂಡವನು ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದ.

ಅವತ್ತು ಹೊನ್ನಾಳಿಯಲ್ಲಿ ಮೇಳವಿತ್ತು. ಮುಗಿಸಿಕೊಂಡು ರಾತ್ರಿ ನ್ಯಾಮತಿಯ ಸೋದರಮಾವ ಚಿಕ್ಕಹನುಮಂತಪ್ಪನ ಮನೆಯಲ್ಲಿ ಉಳಿಯುತ್ತೇನೆ ಎಂದು ಹೇಳಿ ಹೋದ. ಫೋನನ್ನು ಮರೆತು ಬಿಟ್ಟನೋ ಬೇಕೆಂದೇ ಬಿಟ್ಟನೋ ತಿಳಿಯದು. ನ್ಯಾಮತಿಗೆ ಅವನು ಹೋಗಲೇ ಇಲ್ಲ. ಮಾರನೆಯ ದಿನ ಅವನ ಅಂಕಪಟ್ಟಿಗಳ ಫೈಲು ಹೊನ್ನಾಳಿಯ ಸೇತುವೆಯ ಮೇಲೆ ಸಿಕ್ಕಿತು. ತುಂಗಭದ್ರೆ ಎರಡೂ ದಂಡೆ ತುಂಬಿ ಹರಿಯುತ್ತಿದ್ದ ದಿನಗಳು ಅವು. ತೆಪ್ಪದವರು ಹನ್ನೆರಡು ದಿನ ಹುಡುಕಿ ಕೈಚೆಲ್ಲಿದರು. ಪೊಲೀಸರ ಕಾಗದದಲ್ಲಿ ನಿಂಗರಾಜ್ ‘ಕಾಣೆಯಾದ ವ್ಯಕ್ತಿ’ ಆದ.

ಗಿಡ್ಡಮ್ಮ ಅನ್ನ ನೀರು ಬಿಟ್ಟು ಮಲಗಿದಳು. ಹದಿನೈದನೆಯ ದಿನ ಗೂಡಿನಲ್ಲಿದ್ದ ಫೋನು ಟಿಣ್ ಅಂತು. ನಿಂಗರಾಜ್ ಹೋಗುವ ಮೊದಲು ಒತ್ತಿದ್ದ ತಿಂಗಳ ಭತ್ಯೆ ಖಾತೆಗೆ ಜಮಾ ಆಗಿತ್ತು. ಸುಚಿತ್ರಾ ಅದನ್ನು ಗಟ್ಟಿಯಾಗಿ ಓದಿದಳು. ಓದಬಾರದಿತ್ತು.

‘ಬರ್ಕೊಡ್ದೆ ದುಡ್ಡು ಹಾಕಲ್ಲ ಅಂತ ಅವ್ನೇ ಹೇಳ್ತಿದ್ದ!’ ಗಿಡ್ಡಮ್ಮ ಎದ್ದು ಕೂತಳು. ‘ಅಂದ್ರೆ ಎಲ್ಲೋ ಕುಂತು ಬರ್ಕೊಟ್ಟಾನೆ. ಅಪ್ಪನ ಮ್ಯಾಲೆ ಸಿಟ್ಟು, ಅದ್ಕೇ ಮನೆಗೆ ಬರ್ತಿಲ್ಲ. ಅದಾನೆ ನನ್ನ ಮಗ!’

ಆಮೇಲೆ ಒಂದು ಲೋಟ ಗಂಜಿ ಕೇಳಿ ಕುಡಿದಳು. ಆ ಒಂದು ಲೋಟ ಗಂಜಿ ಸುಚಿತ್ರಾಳನ್ನು ಕಟ್ಟಿಹಾಕಿತು. ಮುಂದಿನ ತಿಂಗಳಿಂದ, ಅವ್ವ ನೀರು ಹಿಡಿಯಲು ಹೋದ ಹೊತ್ತು ನೋಡಿ, ಅಣ್ಣನ ಹೆಸರಿನಲ್ಲಿ ಅವಳೇ ಒತ್ತತೊಡಗಿದಳು. ಅರ್ಜಿ ತುಂಬಿಕೊಟ್ಟಿದ್ದವಳೂ ಅವಳೇ, ಪಾಸ್‌ವರ್ಡು ಗೊತ್ತಿತ್ತು. ಅಜ್ಜಿಯ ಕೈಯಲ್ಲಿ ಬೆಳೆದವಳಿಗೆ ಆ ‘ಇಲ್ಲ’ದ ಮೇಲೆ ಬೆರಳಿಡುವಾಗ ಪ್ರತಿ ಸಲವೂ ಮೈ ಜುಮ್ಮೆನ್ನುತ್ತಿತ್ತು. ಅಣ್ಣ ಇದ್ದಾನೆಂದು ಅವ್ವ ನಂಬಬೇಕು, ಅದಕ್ಕಾಗಿ ತಾನು ತಿಂಗಳಿಗೊಮ್ಮೆ ‘ಇಲ್ಲ’ ಅನ್ನಬೇಕು. ಆ ಖಾತೆಯ ಹಣವನ್ನು ಯಾರೂ ಮುಟ್ಟಲಿಲ್ಲ. ಗಿಡ್ಡಮ್ಮನಿಗೆ ಬೇಕಾಗಿದ್ದುದು ಆ ಟಿಣ್ ಎಂಬ ಸದ್ದು ಮಾತ್ರ.

ಹೀಗೆ ಹದಿನಾಲ್ಕು ತಿಂಗಳು ಕಳೆದಿದ್ದವು. ಈಗ ಹರಿಹರಕ್ಕೆ ಹೋದರೆ ಒತ್ತುವವರು ಯಾರು? ಒತ್ತುವುದನ್ನು ಬಿಟ್ಟರೆ ಅವ್ವ ಮತ್ತೆ ಮಲಗಿಬಿಡುತ್ತಾಳೆ. ಒತ್ತುತ್ತ ಕೂತರೆ ಕಾಗದದ ತಾರೀಖು ದಾಟಿಹೋಗುತ್ತದೆ.

*

ಭಾದ್ರಪದದ ಒಂದು ಬೆಳಿಗ್ಗೆ ಅಪ್ಪ ಮಗಳು ಹಿತ್ತಲಲ್ಲಿ ಕೂತು ಮೆಣಸಿನಕಾಯಿ ಸೀಳುತ್ತಿದ್ದರು. ಗಿಡ್ಡಮ್ಮ ಕಿರಾಣಿ ಅಂಗಡಿಗೆ ಹೋಗಿದ್ದಳು.

‘ಒತ್ತೋಳು ನೀನೇ. ನಂಗೊತ್ತು,’ ಅಂದ ತಿಪ್ಪೇಶಪ್ಪ, ತಲೆ ಎತ್ತದೆ.

ಸುಚಿತ್ರಾಳ ಚಾಕು ನಿಂತಿತು. ‘ಯಾವಾಗಿಂದ?’

‘ಮೊದ್ಲಿಂದ. ಹುಡುಗ್ರು ಗಾಡಿಗೆ ಬರ್ತಾರಲ್ಲ, ಅದು ಹೆಂಗೆ ಅಂತ ಕೇಳಿ ತಿಳ್ಕಂಡೆ. ಈ ಫೋನಿಗೆ ನಂಬರ್ ಬಂದ್ರೇನೇ ಆಗೋದಂತೆ. ಫೋನು ಮನೆಯಾಗೈತೆ.’

‘ಮತ್ತೆ ಅವ್ವಗೆ ಯಾಕೆ ಹೇಳ್ಲಿಲ್ಲ?’

‘ಯಾವ ಬಾಯಲ್ಲಿ ಹೇಳ್ಲಿ?’ ಅಪ್ಪ ಚಾಕು ಕೆಳಗಿಟ್ಟ. ‘ಆ ಬೆಳಿಗ್ಗೆ ಆಡಿದ ಬಾಯಿ ಇದೇ ಅಲ್ಲೇನವ್ವ? ರಾತ್ರಿ ಮಲಗಿದ್ರೆ ಆ ಅರ್ಧ ರೊಟ್ಟಿ ಕಣ್ಮುಂದೆ ಬರ್ತದೆ. ನಾನು ಕಳ್ಕಂಡಾಗೈತೆ. ನೀನಾದ್ರೂ ಹೋಗು. ಅವ್ಳು ಅಳ್ತಾಳೆ, ಬೈತಾಳೆ. ಹೋಗು.’

‘ಅವ್ವ ಮತ್ತೆ ಊಟ ಬಿಟ್ರೆ?’

ತಿಪ್ಪೇಶಪ್ಪ ಮೆಣಸಿನಕಾಯಿಯ ಕೈ ಮರೆತು ಕಣ್ಣುಜ್ಜಿಕೊಂಡ. ಆಮೇಲೆ ಅರ್ಧ ಗಂಟೆ ಬಚ್ಚಲಲ್ಲಿ ಕಣ್ಣಿಗೆ ನೀರು ಹಾಕಿಕೊಳ್ಳುತ್ತ ನಿಂತಿದ್ದ, ಖಾರಕ್ಕೋ ಅಳುವಿಗೋ ಸುಚಿತ್ರಾ ಕೇಳಲಿಲ್ಲ.

ಮಹಾಲಯ ಅಮಾವಾಸ್ಯೆಯ ದಿನ ದೊಡ್ಡ ಜಗಳವೇ ಆಯಿತು. ಹಿರಿಯರಿಗೆ ಎಡೆ ಇಡುವ ದಿನ. ಗಿಡ್ಡಮ್ಮ ಹೋಳಿಗೆ, ಪಲ್ಯ, ಅನ್ನ, ಸಾರು ಎಲ್ಲ ಮಾಡಿ ಬಾಳೆಲೆ ಹಾಸಿದ್ದಳು. ತೀರಿಹೋದ ಮಾವನ ಹೆಸರಿಗೆ ಪಂಚೆ, ಟವೆಲು ಇಟ್ಟಾಗಿತ್ತು. ತಿಪ್ಪೇಶಪ್ಪ ಒಂದು ಕವರಿನಿಂದ ನೀಲಿ ಶರಟು, ಪ್ಯಾಂಟು ತೆಗೆದು ಪಂಚೆಯ ಪಕ್ಕಕ್ಕಿಟ್ಟ.

‘ಯಾರಿಗೆ ಅದು?’ ಗಿಡ್ಡಮ್ಮ ಕೇಳಿದಳು.

‘ವರ್ಷ ತುಂಬಿ ಎಲ್ಡು ತಿಂಗ್ಳಾತು ಕಣೇ. ನೆರೆಹೊರೆಯೋರು ಏನಂತಾರೆ ಅಂತಲ್ಲ. ಅವ್ನು ಹಸ್ಕೊಂಡಿದ್ರೆ?’

‘ಹಸ್ಕೊಂಡಿದ್ರೆ ಮನೆಗೆ ಬಂದು ಉಣ್ತಾನೆ! ಬದುಕಿರೋ ಮಗನಿಗೆ ಎಡೆ ಇಡಾಕೆ ಬಂದ್ಯಾ?’ ಗಿಡ್ಡಮ್ಮ ಶರಟು ಪ್ಯಾಂಟು ಎತ್ತಿ ಅಂಗಳಕ್ಕೆ ಎಸೆದಳು. ‘ಹೋದ ತಿಂಗ್ಳು ಬರ್ಕೊಟ್ಟಾನೆ, ಅದ್ರ ಹಿಂದಿನ ತಿಂಗ್ಳು ಬರ್ಕೊಟ್ಟಾನೆ. ಸರ್ಕಾರದೋರಿಗೆ ಗೊತ್ತೈತೆ ಅವ್ನು ಅದಾನೆ ಅಂತ. ಹೆತ್ತಪ್ಪಗೆ ಗೊತ್ತಿಲ್ಲ!’

‘ಅಪ್ಪನ್ನ ಬೈಬ್ಯಾಡವ್ವ,’ ಅಂದಳು ಸುಚಿತ್ರಾ.

‘ನೀನು ಸುಮ್ನಿರು. ನಿಂಗೆ ಹರಿಹರಕ್ಕೆ ಓಡ್ಬೇಕು, ಅವ್ನು ಸತ್ತ ಅಂದ್ರೆ ನಿನ್ನ ದಾರಿ ಸಲೀಸು.’

ಹೋಳಿಗೆ ಹಾಗೇ ಆರಿತು. ತಿಪ್ಪೇಶಪ್ಪ ಎಡೆಯ ಮುಂದೆ ಕೈಮುಗಿಯದೆ ಗಾಡಿಯ ಕಡೆ ಹೋದ. ಶರಟಿಗೆ ಹತ್ತಿದ ಮಣ್ಣನ್ನು ಅಜ್ಜಿ ಕೊಡವಿ, ಮಡಿಸಿ, ತನ್ನ ದಿಂಬಿನ ಕೆಳಗಿಟ್ಟುಕೊಂಡಳು.

ಮಾರನೆಯ ದಿನ ಮಧ್ಯಾಹ್ನ ಮನೆಯಲ್ಲಿ ಅಜ್ಜಿ ಒಬ್ಬಳೇ ಇದ್ದಾಗ ಗೂಡಿನ ಫೋನು ಹೊಡೆದುಕೊಂಡಿತು.

‘ಭತ್ಯೆ ಪರಿಶೀಲನೆಗೆ ಮಾತಾಡ್ತಿದೀನಿ ಅಜ್ಜಿ. ನಿಂಗರಾಜ್ ಇದಾರಾ?’ ಯಾವುದೋ ಹುಡುಗಿಯ ಧ್ವನಿ.

‘ಕೆಲ್ಸಕ್ಕೆ ಹೋಗ್ಯಾನೆ.’

‘ಓ, ಕೆಲಸಕ್ಕೆ ಹೋಗ್ತಿದಾರಾ? ಎಷ್ಟು ದಿನ ಆಯ್ತು?’

ಇಷ್ಟು ದಿನ ಫೋನು ಮಾಡಿದವರು ಯಾರೂ ಎರಡನೆಯ ಪ್ರಶ್ನೆ ಕೇಳಿರಲಿಲ್ಲ. ಅಜ್ಜಿ ಬೆರಳು ಮಡಿಚಿ ಎಣಿಸಿದಳು. ‘ವರ್ಷದ ಮ್ಯಾಲಾತು ತಾಯಿ.’

‘ಎಲ್ಲಿ ಕೆಲಸ?’

‘ದೂರ. ಹೊಳೆ ಕಡೆಗೆ.’

‘ಸರಿ ಅಜ್ಜಿ, ಒಳ್ಳೇದಾಯ್ತು ಬಿಡಿ,’ ಅಂದು ಹುಡುಗಿ ಇಟ್ಟಳು. ಒಳ್ಳೆಯದಾಯಿತು ಎಂಬ ಮಾತು ಅಜ್ಜಿಗೆ ಹಿತವಾಗಿ ಕೇಳಿಸಿತು. ಫೋನನ್ನು ಸೆರಗಿನಲ್ಲಿ ಒರೆಸಿ ಗೂಡಿಗಿಟ್ಟಳು.

*

ನಾಲ್ಕು ದಿನದ ಮೇಲೆ, ಗಾಡಿಯ ಹತ್ತಿರ ಸಂಜೆಯ ಗಿರಾಕಿ ಸೇರಿತ್ತು. ಸುಚಿತ್ರಾ ಪಕ್ಕದ ಓಣಿಗೆ ಯಾರದೋ ಮೋಟಾರು ನೋಡಲು ಹೋಗಿದ್ದಳು. ಭತ್ಯೆ ಬರುವ ದಿನ ಹತ್ತಿರವಾಗಿದ್ದರಿಂದ ಗಿಡ್ಡಮ್ಮ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಬಂದಿದ್ದಳು. ಅದು ಟಿಣ್ ಅಂದಿತು. ಎಂದಿನ ಹಾಗೆ ಚಿಕ್ಕ ಸಂದೇಶವಲ್ಲ, ನಾಲ್ಕೈದು ಸಾಲಿತ್ತು. ಮಂಡಕ್ಕಿ ತಿನ್ನುತ್ತಿದ್ದ ಬಸ್ ಕಂಡಕ್ಟರ್ ಚಿತ್ತಪ್ಪನ ಮುಂದೆ ಹಿಡಿದಳು.

‘ಇದೇನು ನೋಡಣ್ಣ.’

ಚಿತ್ತಪ್ಪ ಎಣ್ಣೆಯ ಕೈ ಒರೆಸಿಕೊಂಡು ಓದಿದ. ‘ಫಲಾನುಭವಿ ನಿಂಗರಾಜ್ ಟಿ. ಇವರು ಉದ್ಯೋಗ ಪಡೆದಿರುವುದು ಪರಿಶೀಲನೆಯಲ್ಲಿ ಕಂಡುಬಂದಿರುವುದರಿಂದ ಭತ್ಯೆಯನ್ನು ನಿಲ್ಲಿಸಲಾಗಿದೆ.’ ಓದಿ ಮುಗಿಸಿ ನಕ್ಕ. ‘ಅಕ್ಕಾ, ನಿನ್ನ ಮಗನಿಗೆ ಕೆಲ್ಸ ಸಿಕ್ಕೈತಂತಲ್ಲ!’

ಅವನು ಈ ದಾರಿಗೆ ಹೊಸಬ, ಹಿಂದಿನದು ಏನೂ ಅರಿಯದವನು. ತಿಪ್ಪೇಶಪ್ಪನ ಕೈಯಲ್ಲಿದ್ದ ಜಾಲರಿ ಬಾಣಲೆಗೆ ಬಿತ್ತು. ಗಿಡ್ಡಮ್ಮ ಇನ್ನೊಮ್ಮೆ ಓದಿಸಿದಳು, ಮತ್ತೊಮ್ಮೆ ಓದಿಸಿದಳು. ಆಮೇಲೆ ನಡುರಸ್ತೆಯಲ್ಲಿ ನಿಂತು ಕೂಗಿದಳು.

‘ಕೇಳ್ರಪ್ಪೋ! ನಿಂಗರಾಜಗೆ ಕೆಲ್ಸ ಸಿಕ್ಕೈತಂತೆ! ಸರ್ಕಾರದೋರೇ ಬರ್ದಾರೆ!’

ಆ ಸಂಜೆ ಗಾಡಿಯಲ್ಲಿ ಯಾರಿಂದಲೂ ದುಡ್ಡು ಇಸಿದುಕೊಳ್ಳಲಿಲ್ಲ. ಮೆಣಸಿನಕಾಯಿ ಕರಿದದ್ದು ಕರಿದ ಹಾಗೆ ಖಾಲಿಯಾಯಿತು. ಸಂಗತಿ ಗೊತ್ತಿದ್ದ ಓಣಿಯವರು ತಟ್ಟೆ ಹಿಡಿದುಕೊಂಡು ತಿಪ್ಪೇಶಪ್ಪನ ಮುಖ ನೋಡಿದರು. ಅವನು ಬಾಣಲೆಯಿಂದ ಕಣ್ಣೆತ್ತಲಿಲ್ಲ. ಸುಚಿತ್ರಾ ಬಂದದ್ದೇ ಅವ್ವ ಓಡಿ ಬಂದು ಅವಳ ಗಲ್ಲ ಹಿಡಿದಳು.

‘ಅಣ್ಣ ಕೆಲ್ಸಕ್ಕೆ ಸೇರ್ಯಾನೆ ಕಣವ್ವಿ. ಇನ್ನ ನಂಗೆ ಯಾವ ಭಯಾನೂ ಇಲ್ಲ. ನೀನೂ ಹೋಗು. ಹರಿಹರಕ್ಕೆ ನಾನೇ ಬಂದು ಬಿಟ್ಟು ಬರ್ತೀನಿ.’

ಭಯ ಇಲ್ಲ. ಅಜ್ಜಿ ಕೇಳಿದ್ದರೆ ಆ ‘ಇಲ್ಲ’ವನ್ನಾದರೂ ಕ್ಷಮಿಸುತ್ತಿದ್ದಳೇನೋ.

ರಾತ್ರಿ ಊಟಕ್ಕೆ ಕೂತಾಗ ಗಿಡ್ಡಮ್ಮ ಎರಡು ಮುದ್ದೆ ಉಂಡಳು. ಒಂದು ವರ್ಷದಲ್ಲಿ ಅವಳು ಹಾಗೆ ಉಂಡದ್ದನ್ನು ಯಾರೂ ಕಂಡಿರಲಿಲ್ಲ. ಅವಳು ಪಾತ್ರೆ ತೊಳೆಯಲು ಹಿತ್ತಲಿಗೆ ಹೋದದ್ದೇ ಸುಚಿತ್ರಾ ಅಜ್ಜಿಯ ಪಕ್ಕ ಬಂದು ಕೂತಳು.

‘ಅಜ್ಜಿ, ಯಾರಾದ್ರೂ ಫೋನ್ ಮಾಡಿದ್ರಾ?’

‘ಹ್ಞೂ, ಅಮಾಸೆ ಮಾರ್ನೇ ದಿನ. ಭತ್ಯೆ ಹುಡುಗಿ. ಕೆಲ್ಸಕ್ಕೆ ಹೋಗ್ಯಾನೆ ಅಂದೆ. ಒಳ್ಳೇದಾತು ಅಂದ್ಲು ಪಾಪ.’

ತಿಪ್ಪೇಶಪ್ಪ ಹಣೆ ಹಣೆ ಬಡಿದುಕೊಂಡ. ‘ಯವ್ವಾ, ನಿನ್ನ ಮಾತು ಸರ್ಕಾರದ ಪುಸ್ತಕದಾಗೆ ಏರೈತಲ್ಲೇ!’

‘ನಾನೇನು ಸುಳ್ಳು ಹೇಳ್ದೆ?’ ಅಜ್ಜಿಗೆ ಸಿಟ್ಟು ಬಂತು. ‘ಮತ್ತೇನು ಅನ್ಬೇಕಿತ್ತು? ಕೂಸಿನ ಮ್ಯಾಲೆ ಆ ಮಾತು ಆಡ್ಬೇಕಿತ್ತಾ? ನೀವು ಆಡ್ರಿ, ನನ್ನ ಕೈಲಾಗಲ್ಲ.’

‘ಆಗಿದ್ದು ಆತು,’ ತಿಪ್ಪೇಶಪ್ಪ ದನಿ ತಗ್ಗಿಸಿದ. ‘ಸುಚಿ, ನೀನು ಬಾಯಿ ಬಿಡಬ್ಯಾಡ. ಅವ್ಳು ಒಪ್ಕೊಂಡಾಳೆ. ಉಣ್ತಾಳೆ. ನೀನು ಕಾರ್ಖಾನೆ ಸೇರ್ಕ.’

‘ಆಮ್ಯಾಲೆ? ಮಗ ಕಾಗದ ಬರೀಲಿಲ್ಲ, ಹಬ್ಬಕ್ಕೆ ಬರ್ಲಿಲ್ಲ ಅಂತ ಕೇಳಿದ್ರೆ ಏನಂತೀಯಪ್ಪ?’

‘ಆವಾಗಿಂದು ಆವಾಗ.’

ಸುಚಿತ್ರಾ ಬಾಯಿ ಬಿಡಲಿಲ್ಲ. ಒಪ್ಪಿಕೊಂಡಳು ಅಂದರೂ ತಪ್ಪಲ್ಲ. ಮರುದಿನ ಪೆಟ್ಟಿಗೆ ಕೊಂಡಳು, ಎರಡು ಜೊತೆ ಚೂಡಿದಾರ ಹೊಲಿಸಿಕೊಂಡಳು, ಟೆಸ್ಟರು, ಇಕ್ಕಳ ತೊಳೆದು ಒರೆಸಿಟ್ಟಳು. ಸುಳ್ಳಿನ ಮೇಲೆ ನಿಂತು ತನ್ನ ದಾರಿ ಸಲೀಸಾಗುತ್ತಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಖುಷಿಯಾಗುತ್ತಿತ್ತು. ಆ ಖುಷಿಗೆ ಅವಳೇ ಹೇಸಿಕೊಂಡಳು.

ಆಯುಧಪೂಜೆಯ ದಿನ ಗಾಡಿಗೆ ಬೂದುಗುಂಬಳ ಒಡೆದಾದ ಮೇಲೆ ಗಿಡ್ಡಮ್ಮ ಹೊಸ ಮಾತು ತೆಗೆದಳು. ‘ದಾವಣಗೆರೆಗೆ ಹೋಗಿ ಆ ಆಫೀಸಿನಾಗೆ ಕೇಳಾಣ. ಯಾವ ಕಂಪನಿ, ಯಾವೂರು ಅಂತ ಅವ್ರತ್ರ ಇರ್ತದೆ. ಅಡ್ರೆಸ್ ಇಸ್ಕೊಂಡು ಅಲ್ಲಿಂದಾನೆ ನಿನ್ನ ಹರಿಹರಕ್ಕೆ ಬಿಡ್ತೀನಿ.’

‘ಅವ್ರು ಅಡ್ರೆಸ್ ಕೊಡಲ್ಲವ್ವ,’ ಅಂದಳು ಸುಚಿತ್ರಾ.

‘ಹೆತ್ತೋಳು ಕೇಳಿದ್ರೆ ಯಾಕೆ ಕೊಡಲ್ಲ?’

ತಿಪ್ಪೇಶಪ್ಪ ಬಸ್ ಸಿಗಲ್ಲ ಅಂದ, ಹಬ್ಬದ ಗದ್ದಲ ಅಂದ, ಆಫೀಸಿಗೆ ರಜೆ ಅಂದ. ಗಿಡ್ಡಮ್ಮ ಯಾವುದಕ್ಕೂ ಬಗ್ಗಲಿಲ್ಲ. ಬನ್ನಿ ಹಂಚಿದ ಮಾರನೆಯ ದಿನ, ಶುಕ್ರವಾರ, ಅವ್ವ ಮಗಳು ಪೆಟ್ಟಿಗೆ ಸಮೇತ ದಾವಣಗೆರೆಯ ಬಸ್ಸು ಹತ್ತಿದರು.

*

ಕಚೇರಿಯಲ್ಲಿ ಹೆಚ್ಚು ಜನರಿರಲಿಲ್ಲ. ಭತ್ಯೆಯ ಮೇಜಿನ ಹಿಂದೆ ಸಂಧ್ಯಾರಾಣಿ ಎಂಬ ಗುಮಾಸ್ತೆ ಕೂತಿದ್ದಳು, ಸುಚಿತ್ರಾಳಿಗಿಂತ ಏಳೆಂಟು ವರ್ಷ ದೊಡ್ಡವಳು. ಗಿಡ್ಡಮ್ಮ ಫೋನನ್ನು ಅವಳ ಮುಂದಿಟ್ಟು ಕೈಮುಗಿದಳು.

‘ನಮ್ಮ ಹುಡುಗಗೆ ಕೆಲ್ಸ ಸಿಕ್ಕೈತಲ್ರೀ, ಅದು ಯಾವ ಕಂಪನಿ? ಮನೆ ಮ್ಯಾಲೆ ಸಿಟ್ಟು ಮಾಡ್ಕೊಂಡು ಹೋಗ್ಯಾನೆ. ಅಡ್ರೆಸ್ ಕೊಟ್ರೆ ಹೋಗಿ ಮಾತಾಡಿಸ್ಕೊಂಡು ಬರ್ತೀನಿ.’

ಸಂಧ್ಯಾರಾಣಿ ನಂಬರು ಹಾಕಿ ನೋಡಿದಳು. ‘ಕಂಪನಿ ಹೆಸರು ಇಲ್ಲಮ್ಮ. ಮನೆಗೆ ಫೋನ್ ಮಾಡಿ ಕೇಳಿದಾರೆ. ಮನೆಯ ಹಿರಿಯರು, ಕೆಲಸಕ್ಕೆ ಹೋಗ್ಯಾನೆ, ವರ್ಷದ ಮೇಲಾಯ್ತು ಅಂತ ಹೇಳಿದಾರೆ.’

ಗಿಡ್ಡಮ್ಮನ ಮುಗಿದ ಕೈ ಕೆಳಗಿಳಿಯಿತು. ‘ನಮ್ಮತ್ತೆ,’ ಅಂದಳು ಮೆಲ್ಲಗೆ. ‘ಅದು ನಮ್ಮತ್ತೆ ಮಾತು.’

‘ಆದ್ರೆ ಒಂದು ವಿಷಯ,’ ಸಂಧ್ಯಾರಾಣಿ ಹುಬ್ಬು ಗಂಟಿಕ್ಕಿದಳು. ‘ಕೆಲಸ ಇಲ್ಲ ಅಂತ ನಿಮ್ಮ ಹುಡುಗ ಪ್ರತಿ ತಿಂಗಳೂ ಘೋಷಣೆ ಕೊಟ್ಟಿದಾನೆ. ಎರಡರಲ್ಲಿ ಒಂದು ಸುಳ್ಳು. ಯಾವುದು?’

‘ಅವ್ನು ಬರ್ಕೊಟ್ಟಿದ್ದು ನಿಜ ಕಣ್ರೀ. ಕೆಲ್ಸ ಸಿಗದಿದ್ರೆ ಚಿಂತಿಲ್ಲ. ಅವ್ನು ಎಲ್ಲಿ ಕುಂತು ಬರ್ಕೊಟ್ಟಾನೆ, ಅದಾದ್ರೂ ಇದ್ರಾಗೆ ಕಾಣ್ತದಾ?’

ಇಲ್ಲಿಯೂ ಸುಚಿತ್ರಾ ಸುಮ್ಮನಿರಬಹುದಾಗಿತ್ತು. ಕಾಣುವುದಿಲ್ಲ ಎಂದು ಸಂಧ್ಯಾರಾಣಿ ಹೇಳುತ್ತಿದ್ದಳು, ಇಬ್ಬರೂ ಎದ್ದು ಹೊರಬರುತ್ತಿದ್ದರು, ಸೋಮವಾರ ಅವಳು ಕಾರ್ಖಾನೆ ಸೇರುತ್ತಿದ್ದಳು. ಅವ್ವ ಮಾತ್ರ ಇನ್ನೊಂದು ಕಚೇರಿ, ಮತ್ತೊಂದು ಕಚೇರಿ ಎಂದು ಕೈಮುಗಿಯುತ್ತ ಅಲೆಯುತ್ತಿದ್ದಳು, ಉಸಿರಿರುವ ತನಕ.

‘ಬರ್ಕೊಟ್ಟಿದ್ದು ನಾನವ್ವ.’

ಗಿಡ್ಡಮ್ಮ ತಿರುಗಿ ನೋಡಿದಳು.

‘ಫೋನು ಮನೆಯಾಗಿತ್ತಲ್ಲ. ನೀನು ಊಟ ಬಿಟ್ಟಿದ್ದೆ. ಅದ್ಕೇ ನಾನೇ ಒತ್ತಿದೆ.’

‘ಎಲ್ಲಾ ತಿಂಗ್ಳೂ?’

‘ಎಲ್ಲಾ ತಿಂಗ್ಳೂ.’

‘ಒಂದೇ ಒಂದು ಸಲ... ಅವ್ನು?’

ಹದಿನಾಲ್ಕು ತಿಂಗಳು ಬೆರಳಿನಿಂದ ಒತ್ತಿದ ಮಾತು ಈಗ ನಾಲಿಗೆಗೆ ಬರಲೊಲ್ಲದು. ಸುಚಿತ್ರಾ ತಲೆ ಅಲ್ಲಾಡಿಸಿದಳು. ಮೇಲೆ ಫ್ಯಾನು ಕೀಚು ಕೀಚು ಎನ್ನುತ್ತ ನಿಧಾನವಾಗಿ ತಿರುಗುತ್ತಿತ್ತು. ಅವ್ವ ಹೊಡೆಯುತ್ತಾಳೆ, ಬಡಿದುಕೊಂಡು ಅಳುತ್ತಾಳೆ ಎಂದು ಅವಳು ಕಾದಳು. ಗಿಡ್ಡಮ್ಮ ಎರಡನ್ನೂ ಮಾಡಲಿಲ್ಲ. ಕುರ್ಚಿಯ ಅಂಚಿನಲ್ಲಿ ಕೂತು ನೆಲ ನೋಡಿದಳು.

ಸಂಧ್ಯಾರಾಣಿ ಎದ್ದು ಹೋಗಿ ನೀರು ತಂದುಕೊಟ್ಟಳು. ಬೈಯಬೇಕಾದವಳು ಬೈಯಲಿಲ್ಲ. ಸುಚಿತ್ರಾ ಸೇತುವೆಯ ಮೇಲೆ ಸಿಕ್ಕ ಫೈಲಿನವರೆಗೂ ಎಲ್ಲ ಹೇಳಿದಳು. ಹಣ ಖಾತೆಯಲ್ಲಿ ಹಾಗೇ ಇದೆ ಎಂದಳು.

‘ಹಣ ವಾಪಸ್ ಹೋಗ್ಲಿ, ನಾನು ಸಾಹೇಬ್ರಿಗೆ ಹೇಳಿ ಬರೆಸ್ತೀನಿ,’ ಅಂದಳು ಸಂಧ್ಯಾರಾಣಿ. ಆಮೇಲೆ ಪರದೆ ನೋಡುತ್ತ ತಡವರಿಸಿದಳು. ‘ಅಮ್ಮ, ಕಾಣೆಯಾದೋರನ್ನ ಏಳು ವರ್ಷದ ತನಕ ಬೇರೆ ಥರ ಬರೆಯೋಕೆ ಬರಲ್ಲ. ಇದ್ರಲ್ಲಿ ಇರೋದು ಎರಡೇ. ನಿರುದ್ಯೋಗಿ ಅಂತ ಬದಲಾಯಿಸ್ಲಾ, ಇಲ್ಲ ಉದ್ಯೋಗಿ ಅಂತ ಇರೋದು ಹಂಗೇ ಇರ್ಲಾ? ಹೇಗೂ ಭತ್ಯೆ ನಿಂತಿರ್ತದೆ.’

ಗಿಡ್ಡಮ್ಮ ಮೇಜಿನ ಮೇಲಿದ್ದ ಫೋನನ್ನು ಎತ್ತಿ ಸೆರಗಿನಲ್ಲಿ ಒರೆಸಿದಳು. ಸಂಧ್ಯಾರಾಣಿ ಅವಸರ ಮಾಡಲಿಲ್ಲ.

‘ಕೆಲ್ಸ ಸಿಕ್ಕೈತೆ ಅಂತಾನೇ ಇರ್ಲಿ ತಾಯಿ,’ ಅಂದಳು ಕೊನೆಗೆ. ‘ಇದ್ದಾಗ ಅವ್ನು ಕೇಳಿದ್ದು ಅದೊಂದೇ.’

‘ಇದ್ದಾಗ’ ಅಂದಳು. ಸುಚಿತ್ರಾ ಪೆಟ್ಟಿಗೆಯ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಇಬ್ಬರೂ ಬಸ್ ನಿಲ್ದಾಣಕ್ಕೆ ನಡೆದರು. ಸುಚಿತ್ರಾ ಜಗಳೂರಿನ ಬಸ್ಸು ನಿಲ್ಲುವ ಕಡೆ ಹೆಜ್ಜೆ ಹಾಕಿದಳು. ಇನ್ನು ಹರಿಹರದ ಮಾತೆಲ್ಲಿ ಎಂದು ಅವಳಿಗನ್ನಿಸಿತ್ತು. ತಿರುಗಿ ನೋಡಿದರೆ ಅವ್ವ ಹಿಂದಿರಲಿಲ್ಲ. ಹರಿಹರದ ಬಸ್ಸಿನ ಕಿಟಕಿಯಿಂದ ಕೈ ಮಾಡುತ್ತಿದ್ದಳು.

ಹರಿಹರದಲ್ಲಿ ಇಳಿದವಳೇ ಗಿಡ್ಡಮ್ಮ ದಾರಿಯಲ್ಲಿದ್ದ ಹೆಂಗಸರನ್ನು ‘ಹೊಳೆ ಯಾವ ಕಡೆ?’ ಎಂದು ಕೇಳಿದಳು. ಒಂದು ವರ್ಷ ಆ ಹೆಸರು ಎತ್ತಿದವರ ಮೇಲೆ ಹರಿಹಾಯುತ್ತಿದ್ದವಳು. ಸುಚಿತ್ರಾ ಪೆಟ್ಟಿಗೆ ಹಿಡಿದುಕೊಂಡು ಅವಳ ಬೆನ್ನಿಗೇ ನಡೆದಳು. ಮೆಟ್ಟಿಲುಗಳ ಮೇಲೆ ಇಬ್ಬರು ಬಟ್ಟೆ ಒಗೆಯುತ್ತಿದ್ದರು, ಒಬ್ಬ ಮುದುಕ ಮುಳುಗು ಹಾಕುತ್ತಿದ್ದ. ಗಿಡ್ಡಮ್ಮ ಕೊನೆಯ ಮೆಟ್ಟಿಲಿಗೆ ಇಳಿದು, ಹೊನ್ನಾಳಿಯ ಕಡೆಯಿಂದ ಬರುತ್ತಿದ್ದ ನೀರಿಗೆ ಮುಖ ಮಾಡಿ ನಿಂತಳು. ಬೀದಿಯ ಆ ತುದಿಯಲ್ಲಿ ಆಡುವ ಮಗನನ್ನು ಊಟಕ್ಕೆ ಕರೆಯುವ ದನಿಯಲ್ಲಿ ಕೂಗಿದಳು.

‘ನಿಂಗರಾಜಾ... ನಿಂಗೆ ಕೆಲ್ಸ ಸಿಕ್ಕೈತಂತೆ ಕಣಪ್ಪೋ...’

ಒಗೆಯುತ್ತಿದ್ದವರು ಕೈ ನಿಲ್ಲಿಸಿ ನೋಡಿದರು. ಮುದುಕ ನೀರಿನಲ್ಲಿ ಹಾಗೇ ನಿಂತ. ಗಿಡ್ಡಮ್ಮ ಉತ್ತರಕ್ಕೆ ಕಾಯುವವಳ ಹಾಗೆ ಸ್ವಲ್ಪ ಹೊತ್ತು ನಿಂತಿದ್ದು, ಬಗ್ಗಿ ಒಂದು ಬೊಗಸೆ ನೀರೆತ್ತಿ ಮುಖ ತೊಳೆದುಕೊಂಡಳು. ಸೆರಗಿನಲ್ಲಿ ಒರೆಸಿಕೊಳ್ಳುತ್ತ ಮೆಟ್ಟಿಲು ಹತ್ತಿ ಬಂದು ಮಗಳ ಕೈಯಿಂದ ಪೆಟ್ಟಿಗೆ ತೆಗೆದುಕೊಂಡಳು.

‘ನಿನ್ನ ಹಾಸ್ಟೆಲ್ ಯಾವ ಕಡೆ ಐತೆ?’ ಅಂದಳು. ‘ನಡಿ, ಹೊತ್ತಾಗ್ತೈತೆ.’